ಸಹಾಯ ಬೇಕು: ಲ್ಯಾನ್ ಪೋರ್ಟ್ ಮಾತ್ರ ಇರುವ ಬ್ಲೂ-ರೇ ಪ್ಲೇಯರ್‌ಗೆ ವೈಫೈ ಜೋಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಬ್ಲೂ-ರೇ ಪ್ಲೇಯರ್‌ನಲ್ಲಿ ವೈಫೈ ಇಲ್ಲ, ಹಿಂಬದಿಯಲ್ಲಿ ಲ್ಯಾನ್ ಪೋರ್ಟ್ (ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ) ಅಷ್ಟೇ ಇದೆ. ರೂಟರ್ ಮಹಡಿಯ ಮೇಲಿದೆ, ಕೇಬಲ್ ಎಳೆಯಲು ದಾರಿಯಿಲ್ಲ. ಯುಎಸ್‌ಬಿ ವೈಫೈ ಡಾಂಗಲ್ ಸಿಕ್ಕಿಸಿದೆ, ಪ್ಲೇಯರ್ ಅದನ್ನು ಗುರುತಿಸಲೇ ಇಲ್ಲ.

ಆಮೇಲೆ ಲ್ಯಾನ್ ಪೋರ್ಟ್ ಇರುವ ವೈಫೈ ಎಕ್ಸ್‌ಟೆಂಡರ್ (ರೂಟರ್‌ನ ವೈಫೈ ಹಿಡಿದು ಮುಂದಕ್ಕೆ ತಲುಪಿಸುವ ಸಾಧನ) ತಂದು, ಅದರಿಂದ ಪ್ಲೇಯರ್‌ಗೆ ಕೇಬಲ್ ಹಾಕಿದೆ. ಪೋರ್ಟಿನ ದೀಪ ಉರಿಯುತ್ತದೆ. ಅದೇ ಕೇಬಲನ್ನು ಲ್ಯಾಪ್‌ಟಾಪ್‌ಗೆ ಹಾಕಿದರೆ ಇಂಟರ್ನೆಟ್ ಚೆನ್ನಾಗಿ ಬರುತ್ತದೆ! ಪ್ಲೇಯರ್‌ನಲ್ಲಿ ಮಾತ್ರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) 169.254 ಎಂದು ಶುರುವಾಗುತ್ತದೆ, ಅಂದರೆ ರೂಟರ್‌ನಿಂದ ಅದಕ್ಕೆ ವಿಳಾಸ ಸಿಗುತ್ತಿಲ್ಲ. ಎಲ್ಲವನ್ನೂ ಆರಿಸಿ ಮತ್ತೆ ಹಾಕಿದ್ದಾಯಿತು. ಮೂರು ಸಂಜೆ ಇದರಲ್ಲೇ ಕಳೆದವು, ನಿಜವಾಗಿಯೂ ಸೋತಿದ್ದೇನೆ.

ಎಕ್ಸ್‌ಟೆಂಡರ್ ಈಗ ರಿಪೀಟರ್ ಮೋಡ್‌ನಲ್ಲಿದೆ (ವೈಫೈ ಹಿಡಿದು ಮತ್ತೆ ವೈಫೈ ಆಗಿಯೇ ಹರಡುವ ಬಗೆ). ಅದನ್ನು ಕ್ಲೈಂಟ್ ಮೋಡ್‌ಗೆ (ವೈಫೈ ಹಿಡಿದು ಕೇಬಲ್ ಮೂಲಕ ಕೊಡುವ ಬಗೆಗೆ) ಬದಲಿಸಬೇಕೇ, ಅಥವಾ ಪ್ಲೇಯರ್‌ನಲ್ಲಿ ಐಪಿ ವಿಳಾಸವನ್ನು ನಾನೇ ತುಂಬಬೇಕೇ?