ತೆಲಂಗಾಣದಲ್ಲಿ ಶಿಕ್ಷೆಯಾದರೆ ಬೀದರಿನ ಲೈಸೆನ್ಸ್ ನಡೆಯುತ್ತದೆಯೇ?

ಪ್ರಶ್ನೆ: ಬೀದರಿನಲ್ಲಿ ಬಾಡಿಗೆ ಕಾರು ಓಡಿಸುವ ನನ್ನ ತಮ್ಮ ಹೈದರಾಬಾದಿನಲ್ಲಿ ಕುಡಿದು ಚಾಲನೆ ಮಾಡಿ ಸಿಕ್ಕಿಬಿದ್ದಿದ್ದು, ಅಲ್ಲಿಯ ನ್ಯಾಯಾಲಯ ದಂಡದ ಜೊತೆಗೆ ಆರು ತಿಂಗಳು ವಾಹನ ಚಲಾಯಿಸದಂತೆ ಆದೇಶಿಸಿದೆ. ಲೈಸೆನ್ಸ್ ಕೊಟ್ಟಿದ್ದು ಬೀದರಿನ ಆರ್‌ಟಿಒ. ಕರ್ನಾಟಕದೊಳಗಾದರೂ ಅವನು ಓಡಿಸಬಹುದೇ? ಮನೆ ನಡೆಯುವುದು ಅವನ ದುಡಿಮೆಯಿಂದಲೇ.

ಉತ್ತರ 1: ಓಡಿಸುವಂತಿಲ್ಲ ಸರ್. 1988ರ ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ ಆಗಿರುವುದರಿಂದ, ಲೈಸೆನ್ಸ್ ಹೇಗೆ ಎಲ್ಲ ರಾಜ್ಯಗಳಲ್ಲಿ ನಡೆಯುತ್ತದೆಯೋ ಹಾಗೆಯೇ ಅನರ್ಹತೆಯೂ ತೆಲಂಗಾಣದ ಗಡಿಯ ಊರು ಜಹೀರಾಬಾದ್ ದಾಟಿ ಬಂದ ಮಾತ್ರಕ್ಕೆ ಅಳಿಯುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಾಂಶವಿದ್ದರೆ 185ನೇ ಕಲಮಿನ ಅಪರಾಧವಾಗುತ್ತದೆ. ಶಿಕ್ಷೆಯಾದಾಗ ಕನಿಷ್ಠ ಆರು ತಿಂಗಳ ಅನರ್ಹತೆಯನ್ನು 20ನೇ ಕಲಮು ವಿಧಿಸುತ್ತದೆ. ಈ ಅವಧಿಯಲ್ಲಿ ಓಡಿಸಿದರೆ 182ನೇ ಕಲಮಿನಡಿ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಉತ್ತರ 2: ಮೇಲ್ಮನವಿಗೆ ಅವಕಾಶವಿದೆ, ಆದರೆ ಅದನ್ನು ಹೈದರಾಬಾದಿನಲ್ಲಿಯೇ ಸಲ್ಲಿಸಬೇಕು. ಆದೇಶದ ದೃಢೀಕೃತ ಪ್ರತಿಯೊಂದಿಗೆ ಅಲ್ಲಿಯ ವಕೀಲರನ್ನು ಬೇಗ ಕಾಣಿರಿ. ಅಲ್ಲಿಯವರೆಗೆ ಕಾರಿಗೆ ಬೇರೆ ಚಾಲಕರನ್ನು ಇಡುವುದು ಕಷ್ಟವಾದರೂ ಅದೇ ಸರಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಕೀಲಿಕೈಯನ್ನು ಇಂದೇ ಅವನಿಂದ ತೆಗೆದುಕೊಂಡಿದ್ದೇನೆ.