‘ಒಂದು ಒಳ್ಳೆಯ ಮಾತು ಬಯಸುವುದು ತಪ್ಪೇ?’: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಗದಗ ಕಡೆಯ ಸಭಾಪಾಲಕರೊಬ್ಬರು (ಚರ್ಚಿನ ಪಾದ್ರಿ) ತಮ್ಮ ಅಳಲು ತೋಡಿಕೊಂಡಿದ್ದರು. ವಯಸ್ಸು ಮೂವತ್ತಾರು. ಒಂದು ಊರಿನ ಸಭೆ, ಎರಡು ಹಳ್ಳಿಯ ಸಭೆ; ಭಾನುವಾರ ಮೂರು ಆರಾಧನೆ, ಬೈಕಿನ ಮೇಲೆ ಎಪ್ಪತ್ತು ಕಿಲೋಮೀಟರ್. ಮೈಕು ಕಿರುಚಿದ್ದು, ಕಾಣಿಕೆಯ ಲೆಕ್ಕ ತಡವಾದದ್ದು, ಯಾರದೋ ಮನೆಯ ಪ್ರಾರ್ಥನೆಗೆ ಹೋಗಲಾಗದ್ದು, ಇವೆಲ್ಲ ಆರು ವರ್ಷಗಳಿಂದ ಅವರ ಕಿವಿಗೆ ತಪ್ಪದೆ ಬೀಳುತ್ತಿವೆ. ‘ಇವತ್ತಿನ ಪ್ರಸಂಗದಿಂದ (ಉಪದೇಶದಿಂದ) ಸ್ವಲ್ಪ ಧೈರ್ಯ ಬಂತು’ ಎಂಬ ಮಾತು ಮಾತ್ರ ಒಮ್ಮೆಯೂ ಬಿದ್ದಿಲ್ಲ. ಅದನ್ನು ಬಯಸುವುದು ತಪ್ಪೇ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಸೇವೆಗೆ ಬಂದವರು ಶಹಬ್ಬಾಸ್‌ಗಿರಿಗೆ ಕೈ ಚಾಚಬಾರದು. ದೇವರಿಗೆ ಗೊತ್ತಿದ್ದರೆ ಸಾಕು.
– ಸಭಾ ಹಿರಿಯರೊಬ್ಬರು, ಹಾವೇರಿ

(ದೇವರಿಗೆ ಗೊತ್ತಿದೆ ಎಂಬುದರಲ್ಲಿ ಪತ್ರ ಬರೆದವರಿಗೂ ಅನುಮಾನವಿರಲಿಲ್ಲ. – ಸಂ.)

*

ಆರು ವರ್ಷ ಯಾವ ಲೆಕ್ಕ? ನಿಮ್ಮ ಪಕ್ಕದ ಬೆಟಗೇರಿಗೆ ಬಾಸೆಲ್ ಮಿಶನ್ನಿನವರು ಬಂದದ್ದು 1841ರಲ್ಲಿ. ಅದೇ ಮಿಶನ್ನಿನಿಂದ ಕಿಟೆಲ್ ಅವರು 1853ರಲ್ಲಿ ಈ ನಾಡಿಗೆ ಬಂದರು. ಅವರ ಕನ್ನಡ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು ಇನ್ನೂ ಎರಡು ವರ್ಷ ಕಳೆದ ಮೇಲೆ. ಅಂದರೆ ಬಂದು ನಲವತ್ತಮೂರು ವರ್ಷಕ್ಕೆ! ನಮ್ಮ ಸಭೆಗಳಲ್ಲಿ ಇಂದು ಎಷ್ಟು ಯುವಕರು ಆ ನಿಘಂಟನ್ನು ಮುಟ್ಟಿ ನೋಡಿದ್ದಾರೆ? ಕನ್ನಡ ಪ್ರಸಂಗಗಳ ಭಾಷೆ ಹಾಳಾಗುತ್ತಿರುವುದಕ್ಕೆ ಇದೇ ಕಾರಣ. ದಯವಿಟ್ಟು ತಾಳ್ಮೆಯಿಂದಿರಿ.
– ನಿವೃತ್ತ ಉಪನ್ಯಾಸಕ, ಮಂಗಳೂರು

*

ಎಪ್ಪತ್ತು ಕಿಲೋಮೀಟರ್ ಬೈಕಿನಲ್ಲಿ ಹೋಗಬೇಡಿ. ನನ್ನ ಸೊಂಟ ಹೋದದ್ದು ಹಾಗೆಯೇ. ಹಳ್ಳಿಯ ಒಂದು ಆರಾಧನೆಯನ್ನು ಶನಿವಾರ ಸಂಜೆಗೆ ಇಟ್ಟುಕೊಳ್ಳಿ. ಸೋಮವಾರ ಮೊಬೈಲ್ ಮುಚ್ಚಿಟ್ಟು ಮಲಗಿ. ಬೈಬಲಿನ ಪ್ರವಾದಿ ಎಲೀಯನು ಸಾಕಪ್ಪಾ ಸಾಕು ಎಂದು ಜಾಲಿಗಿಡದ ಕೆಳಗೆ ಬಿದ್ದುಕೊಂಡಿದ್ದಾಗ ದೇವದೂತನು ಅವನಿಗೆ ಪ್ರಸಂಗವನ್ನೇನೂ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎರಡು ಸಲ ಎಬ್ಬಿಸಿ ಉಣಿಸಿದ. ನಿಮ್ಮ ಊಟ ಹೇಗಿದೆ, ಅದನ್ನು ಬರೆದೇ ಇಲ್ಲವಲ್ಲ?
– ನಿವೃತ್ತ ಸಭಾಪಾಲಕ, ಹುಬ್ಬಳ್ಳಿ

*

ಮುಂದಿನ ಪತ್ರ ಉದ್ದವಾಗಿದೆ. ಮೊಟಕುಗೊಳಿಸಲು ಕುಳಿತೆವು; ಕೈ ಬರಲಿಲ್ಲ.

ಆ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ತಂದೆಯೂ ಸಭಾಪಾಲಕರು. ಮೂವತ್ತೊಂದು ವರ್ಷದ ಸೇವೆ, ಒಂಬತ್ತು ವರ್ಗಾವಣೆ. ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ನಾನು ಐದು ಶಾಲೆ ಕಂಡಿದ್ದೆ.

ಅಪ್ಪನ ಪ್ರಸಂಗದಲ್ಲಿ ‘ಪ್ರಿಯರೇ’ ಎಂಬ ಮಾತು ಉಸಿರಿಗೊಮ್ಮೆ ಬರುತ್ತಿತ್ತು. ನಾನೂ ತಮ್ಮನೂ ಮುಂದಿನ ಚಾಪೆಯಲ್ಲಿ ಕುಳಿತು ಬೆರಳು ಮಡಚಿ ಎಣಿಸುತ್ತಿದ್ದೆವು. ಮನೆಗೆ ಬಂದು ಅವರು ಊಟಕ್ಕೆ ಕುಳಿತು ಇನ್ನೇನು ಮೊದಲ ತುತ್ತು ಎತ್ತಬೇಕು, ‘ಅಪ್ಪಾ, ಇವತ್ತು ಇಪ್ಪತ್ತಮೂರು!’ ಎಂದು ಕೂಗುತ್ತಿದ್ದೆವು. ಅಪ್ಪ ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ. ಸಾರಿನ ಸೌಟು ಪಾತ್ರೆಗೆ ಸ್ವಲ್ಪ ಜೋರಾಗಿಯೇ ತಾಗುತ್ತಿತ್ತು.

ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಡೈರಿಗಳು ಸಿಕ್ಕವು. ಪ್ರತಿ ಭಾನುವಾರದ ಪುಟದಲ್ಲಿ ಓದಿದ ವಾಕ್ಯಭಾಗ, ಬಂದವರ ಸಂಖ್ಯೆ, ಕಾಣಿಕೆಯ ಮೊತ್ತ. ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ. ‘ನುಗ್ಗೆಕಾಯಿ 6, ಬಾವಿ ಮನೆಯ ಅಜ್ಜಿ.’ ‘ಜೋಳದ ಹಿಟ್ಟು, ಒಂದು ಡಬ್ಬಿ.’ ‘ಸೈಕಲ್ ಪಂಕ್ಚರ್. ದುಡ್ಡು ತೆಗೆದುಕೊಳ್ಳಲಿಲ್ಲ.’ ಮೊದಲು ಮನೆಖರ್ಚಿನ ಲೆಕ್ಕ ಎಂದುಕೊಂಡೆ. ಆದರೆ ಮನೆಖರ್ಚನ್ನು ಅಮ್ಮ ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಕೆಲವು ತಿಂಗಳು ಪೆನ್ಸಿಲಿನ ಸಾಲೇ ಇಲ್ಲ. ಆ ತಿಂಗಳುಗಳಲ್ಲಿ ನಾವು ಯಾವ ಊರಿನಲ್ಲಿದ್ದೆವು ಎಂದು ನನಗೆ ಚೆನ್ನಾಗಿ ನೆನಪಿದೆ. ಹೆಸರು ಬರೆಯುವುದಿಲ್ಲ.

ಪುಟ ತಿರುವುತ್ತಾ ಹೋದೆ. ಒಂದು ಭಾನುವಾರ: ‘ಇಂದು 23. ಕಡಿಮೆ ಮಾಡಬೇಕು.’ ಮರುವಾರ: ‘19.’ ಇನ್ನೊಂದು ವಾರ ಬಿಟ್ಟು: ‘11. ಮಕ್ಕಳು ಏನೂ ಹೇಳಲಿಲ್ಲ.’

ನಮಗೆ ಆ ಆಟ ಬೇಸರವಾಗಿ ಎಣಿಸುವುದನ್ನು ಬಿಟ್ಟಿದ್ದೆವು, ಅಷ್ಟೆ. ಹನ್ನೊಂದಕ್ಕೆ ಇಳಿದದ್ದು ನಮಗೆ ತಿಳಿಯಲೇ ಇಲ್ಲ.

ಅಯ್ಯನವರೇ, ನೀವು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಈ ಪತ್ರವನ್ನು ಅವರಿಗೆ ಓದಲು ಕೊಡಿ.
– ಹೆಸರು ಬೇಡ, ಧಾರವಾಡ

*

ಪ್ರಸಂಗವನ್ನು ಇಪ್ಪತ್ತು ನಿಮಿಷಕ್ಕೆ ಮುಗಿಸಿ ನೋಡಿ. ಒಳ್ಳೆಯ ಮಾತು ತಾನಾಗಿಯೇ ಬರುತ್ತದೆ.
– ಎರಡು ಚಿಕ್ಕ ಮಕ್ಕಳ ತಾಯಿ, ಬೆಂಗಳೂರು

*

ಹಳ್ಳಿಯ ಜನ ಬಾಯಿಬಿಟ್ಟು ಹೊಗಳುವುದಿಲ್ಲ ಎಂದು ಒಂಬತ್ತು ಮಂದಿ ಬರೆದಿದ್ದಾರೆ. ಇರಬಹುದು. ಅದೇ ಜನ ಸುಗ್ಗಿ ಹಬ್ಬದಲ್ಲಿ ಸಭೆಗೆ ಬಂದ ಕಾಣಿಕೆಗಳ ಹರಾಜಿನಲ್ಲಿ ಒಂದು ಸೋರೆಕಾಯಿಗೆ ಐನೂರು ರೂಪಾಯಿ ಕೂಗುವಾಗ ಗಂಟಲು ಚೆನ್ನಾಗಿಯೇ ಇರುತ್ತದೆ. ಮುಂದಿನ ಪತ್ರ ಅಂಥದೇ ಒಂದು ಊರಿನಿಂದ ಬಂದದ್ದು.

ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಆ ಅಯ್ಯನವರ ಪತ್ರವನ್ನು ಗಟ್ಟಿಯಾಗಿ ಓದಿದೆವು. ನಮ್ಮ ಅಯ್ಯನವರಿಗೆ ಯಾರಾದರೂ ಎಂದಾದರೂ ಒಂದು ಒಳ್ಳೆಯ ಮಾತು ಹೇಳಿದ್ದೀರಾ ಎಂದು ಕೇಳಿದಾಗ ಹತ್ತೊಂಬತ್ತು ಮಂದಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಚಹಾ ಕೊಟ್ಟಿದ್ದೇವಲ್ಲ ಎಂದರು ಒಬ್ಬರು. ಕೊನೆಗೆ ಒಂದು ಏರ್ಪಾಡು ಮಾಡಿಕೊಂಡೆವು. ವಾರಕ್ಕೆ ಒಬ್ಬರು ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಹೇಳಬೇಕು. ‘ಚೆನ್ನಾಗಿತ್ತು’ ಎಂದರೆ ಲೆಕ್ಕಕ್ಕಿಲ್ಲ. ಯಾವ ಮಾತು ಮನಸ್ಸಿನಲ್ಲಿ ಉಳಿಯಿತು ಎಂದು ಹೇಳಬೇಕು.

ಮೊದಲ ವಾರ ನನ್ನ ಸರದಿ. ‘ಅಯ್ಯನವರೇ, ಒಂದು ಮಾತು ಹೇಳುವುದಿತ್ತು’ ಎಂದೆ. ಅವರ ಮುಖ ಬಾಡಿತು. ‘ಮೈಕ್ ರಿಪೇರಿಗೆ ಹೇಳಿದ್ದೇನಮ್ಮಾ’ ಎಂದುಬಿಟ್ಟರು. ನಾನು ಹೇಳಬೇಕೆಂದಿದ್ದ ಮಾತು ಅಲ್ಲೇ ಮರೆತು ಹೋಯಿತು. ಎರಡನೆಯ ವಾರದಾಕೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿದಳು. ಇಲ್ಲಿ ಇನ್ನೊಂದು ಲಾಭವಿದೆ, ಹೇಳಿಬಿಡುತ್ತೇನೆ: ಸರದಿ ಬಂದವಳು ಆ ದಿನ ಪ್ರಸಂಗದ ಹೊತ್ತಿಗೆ ತೂಕಡಿಸುವುದಿಲ್ಲ.
– ಕೂಟದ ಕಾರ್ಯದರ್ಶಿ, ಹಾನಗಲ್ ತಾಲ್ಲೂಕು

*

ಈ ಚರ್ಚೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಆ ಪತ್ರ ಬರೆದವರು ನಮ್ಮ ಅಯ್ಯನವರೇ ಇರಬೇಕು, ಹೌದೋ ಅಲ್ಲವೋ ತಿಳಿಸಿ ಎಂದು ಐದು ಬೇರೆ ಬೇರೆ ಸಭೆಗಳಿಂದ ಕೇಳಿದ್ದಾರೆ. ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಐದೂ ಸಭೆಯವರು ಹೌದೆಂದೇ ತಿಳಿದುಕೊಳ್ಳಬಹುದು. – ಸಂ.