ಪದಚರ್ಚೆ: ‘ಅನ್ಯಭಾಷೆ’ಯೋ ‘ವಾಣಿ’ಯೋ? ಫ್ಲೆಕ್ಸಿಗೆ ತುರ್ತಾಗಿ ಬೇಕು

ಕಾಸರಗೋಡಿನಿಂದ:
ಎಲ್ಲರಿಗೂ ನಮಸ್ಕಾರ. ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ಬೈಬಲಿನ 1 ಕೊರಿಂಥ ಪತ್ರಿಕೆಯ 12ರಿಂದ 14ನೇ ಅಧ್ಯಾಯಗಳ ಮೇಲೆ ಚರ್ಚೆ ಇಟ್ಟಿದ್ದೇವೆ. ಪ್ರವಾದನೆ, ರೋಗ ವಾಸಿಮಾಡುವ ವರ ಇತ್ಯಾದಿ ಅಪೊಸ್ತಲರ ಕಾಲಕ್ಕೇ ನಿಂತವೋ, ಈಗಲೂ ಇವೆಯೋ ಎಂಬುದು ವಿಷಯ. ಫ್ಲೆಕ್ಸಿಗೆ ಮಲಯಾಳದ ಸಾಲು ತಯಾರಿದೆ: ಕೃಪಾವರಂ (ದೇವರ ಆತ್ಮ ಕೊಡುವ ವರ), ಅನ್ಯಭಾಷ (ಆತ್ಮನ ಪ್ರೇರಣೆಯಿಂದ ಕಲಿಯದ ಮಾತನ್ನಾಡುವ ವರ). ಕನ್ನಡದಲ್ಲೂ ‘ಕೃಪಾವರ, ಅನ್ಯಭಾಷೆ’ ಎಂದರೆ ಸಾಕೇ? ‘ನಿಂತವು’ ಎನ್ನುವವರ ವಾದಕ್ಕೂ ಒಂದು ಹೆಸರು ಬೇಕು. ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು.

ಮೈಸೂರಿನಿಂದ:
ಎರಡೂ ಬೇಡ. ‘ವರ’ ತಪಸ್ಸು ಮಾಡಿ ಗಿಟ್ಟಿಸಿದ್ದು, ಭಸ್ಮಾಸುರ ಪಡೆದದ್ದು. ಗ್ರೀಕಿನ ‘ಖಾರಿಸ್ಮ’ಕ್ಕೆ ಮೂಲ ‘ಖಾರಿಸ್’, ಕೃಪೆ. ಯೋಗ್ಯತೆ ನೋಡದೆ ಕೊಟ್ಟದ್ದು. ‘ಕೊಡುಗೆ’ ಎನ್ನಿ. ಇನ್ನೊಂದಕ್ಕೆ ‘ಅರಿಯದ ನುಡಿ’. ಅಚ್ಚಗನ್ನಡ ಇರುವಾಗ ಕಡ ಯಾಕೆ?

ಮಂಗಳೂರಿನಿಂದ:
‘ಕೊಡುಗೆ’ ದಾನಿಗಳ ಪಟ್ಟಿಗೆ ಸರಿ. ‘ವರ’ದ ಧಾತು ‘ವೃ’, ಆರಿಸು ಎಂದರ್ಥ. ಪವಿತ್ರಾತ್ಮನು ತನ್ನ ಚಿತ್ತದಂತೆ ಹಂಚುತ್ತಾನೆ ಎಂದು 12:11ರಲ್ಲಿದೆ. ಯಾರಿಗೆ ಯಾವುದೆಂದು ಆರಿಸುವವನು ಆತನೇ. ಹಾಗೆಂದು ಬೇಡಬಾರದೆಂದಿಲ್ಲ, 14:13 ನೋಡಿ. ‘ನುಡಿ’ ತುಳುನಾಡಿನಲ್ಲಿ ಆಗದು. ಕೋಲದಲ್ಲಿ ದೈವ ಕೊಡುವುದು ನುಡಿ.

ಮಂಜೇಶ್ವರದಿಂದ:
ಮಾಷ್ಟ್ರೇ, ‘ಅನ್ಯಭಾಷೆ’ ಮಾತ್ರ ಹಾಕಬೇಡಿ. ಈ ವರಗಳು ಈಗಲೂ ಇವೆಯೆನ್ನುವ ಪೆಂತೆಕೋಸ್ತ ಸಭೆಗಳಲ್ಲಿ ಅದು ರೂಢಿಯ ಮಾತು, ಒಪ್ಪುತ್ತೇನೆ. ಆದರೆ 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದಂದಿನಿಂದ ಕಾಸರಗೋಡಿನ ರಸ್ತೆಯಲ್ಲಿ ಆ ಪದ ಕಂಡವರಿಗೆ ಮೊದಲು ಹೊಳೆಯುವುದು ಭಾಷಾ ತಕರಾರು. ಕನ್ನಡದವರು ಮಲಯಾಳವೆಂದು ಓದುತ್ತಾರೆ, ಮಲಯಾಳಿಗಳು ಕನ್ನಡವೆಂದು.

ಅರ್ಥವೂ ಕೂಡುವುದಿಲ್ಲ. ಅಪೊಸ್ತಲರ ಕೃತ್ಯಗಳು 2ರಲ್ಲಿ ಯೆರೂಸಲೇಮಿನಲ್ಲಿ ನೆರೆದವರು ತಂತಮ್ಮ ಹುಟ್ಟುಭಾಷೆಯಲ್ಲೇ ಕೇಳಿದರು. 1 ಕೊರಿಂಥ 14:2ರಲ್ಲಾದರೋ ಕೇಳಿದವರಿಗೆ ಏನೂ ತಿಳಿಯದು, ಮಾತು ದೇವರೊಂದಿಗೆ. ‘ಅನ್ಯಭಾಷೆ’ ಎಂದ ಕೂಡಲೇ ಅದು ಮನುಷ್ಯರಾಡುವ ಭಾಷೆಯೇ ಎನ್ನುವ ಪಕ್ಷಕ್ಕೆ ತೀರ್ಪು ಕೊಟ್ಟ ಹಾಗೆ. 1906ರಲ್ಲಿ ಪೆಂತೆಕೋಸ್ತ ಚಳವಳಿ ಹಬ್ಬಿದ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಕೂಡಿದ್ದವರಲ್ಲಿ ಅನೇಕರು ತಮಗೆ ಸಿಕ್ಕಿದ್ದು ಯಾವುದೋ ದೇಶದ ನಿಜವಾದ ಭಾಷೆಯೆಂದು ನಂಬಿದ್ದರು. ಅವರಲ್ಲೊಬ್ಬರಾದ ಆಲ್ಫ್ರೆಡ್ ಗಾರ್ ಆ ನಂಬಿಕೆಯಿಂದಲೇ ಕಲ್ಕತ್ತೆಗೆ ಬಂದರು. ಇಲ್ಲಿಯವರ ಭಾಷೆಯಲ್ಲಿ ಪ್ರಸಂಗ ಮಾಡಲಾಗಲಿಲ್ಲ. ಆದರೂ ವರವನ್ನು ಅಲ್ಲಗಳೆಯಲಿಲ್ಲ.

ಹಳೆಯ ಕನ್ನಡ ಬೈಬಲ್ ಅನುವಾದದ (ಸತ್ಯವೇದದ) ‘ವಾಣಿ’ ಎರಡೂ ಪಕ್ಷಕ್ಕೆ ಜಾಗ ಬಿಡುತ್ತದೆ. ‘ನಿಂತವು’ ಎನ್ನುವವರಿಗೆ ಹೆಸರು ಕಟ್ಟಬೇಡಿ. ಅವರು ನೆಚ್ಚುವ 13:8ರಲ್ಲೇ ‘ವಾಣಿಗಳೋ ನಿಂತುಹೋಗುವವು’ ಎಂದಿದೆ. ಯಾವಾಗ ಎಂಬಲ್ಲಿ ಜಗಳ: 13:10ರ ‘ಸಂಪೂರ್ಣವಾದದ್ದು’ ಹೊಸ ಒಡಂಬಡಿಕೆಯ ಪೂರ್ಣಗೊಳ್ಳುವಿಕೆಯೋ, ಕರ್ತನಾದ ಕ್ರಿಸ್ತನ ಮರಳಿ ಬರೋಣವೋ.

ಮೈಸೂರಿನಿಂದ:
ನುಡಿ ದೈವದ್ದಾದರೆ ವಾಣಿ ಸರಸ್ವತಿಯದ್ದು. ಮಲಯಾಳದ ಕಡ ಬೇಡ, ಸಂಸ್ಕೃತದ್ದು ಬೇಕು. ಇದು ಯಾವ ನ್ಯಾಯ?

ಮಂಗಳೂರಿನಿಂದ:
ಅನ್ಯವೂ ಭಾಷೆಯೂ ಸಂಸ್ಕೃತವೇ. ಪಾದ್ರಿ, ಇಗರ್ಜಿ ಪೋರ್ಚುಗೀಸಿನಿಂದ ಬಂದವು. ಅವನ್ನೂ ಕಿತ್ತುಹಾಕೋಣವೇ? ಆಡುವ ಜನ ಒಪ್ಪಿದ್ದು ಕನ್ನಡ.

ಮೈಸೂರಿನಿಂದ:
ಆಡುವ ಜನ ಒಪ್ಪಿದ್ದು ‘ಅನ್ಯಭಾಷೆ’. ಅದನ್ನೇ ಬೇಡವೆನ್ನುತ್ತಿದ್ದೀರಿ.

ಕಾಸರಗೋಡಿನಿಂದ:
ಎಲ್ಲರಿಗೂ ವಂದನೆ. ಪ್ರೆಸ್ಸಿಗೆ ಕಳಿಸಿದ್ದು ಇದು: ‘ಆತ್ಮಿಕ ವರಗಳು ನಿಂತುಹೋದವೇ? ಪ್ರವಾದನೆ, ವಾಣಿ, ಸ್ವಸ್ಥತೆ. 1 ಕೊರಿಂಥ 12–14.’ ಪೆಂತೆಕೋಸ್ತ ಸಭೆಯವರನ್ನೂ ಕರೆದಿದ್ದೇವೆ. ವೇದಿಕೆಯಲ್ಲಿ ಅವರು ಅನ್ಯಭಾಷೆ ಎಂದೇ ಹೇಳಲಿ, ತಡೆಯುವುದಿಲ್ಲ.